ಕ್ಯೂಬಿನ ಮೇಲೆ ಅಳಿಸಿದ ಗುರುತು

ಜಸಿಂತ, ಆ ಪರೀಕ್ಷೆ ಕೆಡಿಸಿದವಳು ನೀನಲ್ಲ, ನಾನು. ಕ್ಯೂಬುಗಳ ಮೇಲಿನ ಗುರುತು ಅಳಿಸಿಹೋಗಿತ್ತು. ಯಾವುದು ಯಾವುದೆಂದು ನನಗೆ ಗೊತ್ತಿರಲಿಲ್ಲ. ಊಹೆಯ ಮೇಲೆ ಮತ್ತೆ ಬರೆದೆ. ಆಮೇಲೆ ಮೇಡಂ ಕೇಳಿದಾಗ ಸುಳ್ಳು ಹೇಳಿದೆ. ಎರಡು ವರ್ಷವಾಯಿತು.

ಇಷ್ಟನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದು ಸಲೀಸು ಅಂದುಕೊಂಡಿದ್ದೆ. ಇಲ್ಲ. ಎದ್ದು ಹೋಗಿ ನೀರು ಕುಡಿದು ಬಂದೆ. ಕಿಟಕಿ ಹಾಕಿದೆ, ಮತ್ತೆ ತೆಗೆದೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ — ಅದನ್ನೆಲ್ಲ ಬಿಡುತ್ತಾ ಹೋದರೆ ನನಗೆ ಬೇಡವಾದದ್ದನ್ನೂ ಬಿಟ್ಟುಬಿಡುತ್ತೇನೇನೋ ಎಂಬ ಭಯ. ಬೇರೆಯವರು ಓದಿದರೆ ಓದಲಿ.

ನಾವಿಬ್ಬರೂ ಆಗ ಊರಾಚೆಯ ಆ ಖಾಸಗಿ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆವು. ಪ್ರಾಜೆಕ್ಟಿನ ಆಲೋಚನೆ ಪೂರ್ತಿ ನಿನ್ನದು. ಮಂಡಿ ಮೊಹಲ್ಲಾದಲ್ಲಿ ನಿಮ್ಮಪ್ಪ ಸಮಾಧಿ ಕಲ್ಲು ಕೆತ್ತುತ್ತಾರೆ. ಅಲ್ಲಿ ಗುಡ್ಡೆ ಬೀಳುವ ಕಲ್ಲಿನ ಧೂಳನ್ನು ಮರಳಿಗೆ ಬದಲಾಗಿ ಕಾಂಕ್ರೀಟಿನಲ್ಲಿ ಸೇರಿಸಿ ನೋಡೋಣ ಎಂದವಳು ನೀನು. ಧೂಳಿನ ಗೋಣಿಚೀಲ ಹೊತ್ತು ಕಾಲೇಜು ಬಸ್ಸು ಹತ್ತಿದವಳೂ ನೀನೇ. ಡ್ರೈವರ್ ರೇಗಿದಾಗ, "ನಮ್ಮಪ್ಪನ ಧೂಳಿಗೂ ಒಂದು ಡಿಗ್ರಿ ಕೊಡಿಸ್ತೀನಿ ಅಣ್ಣ, ಸುಮ್ನಿರಿ" ಅಂದು ಇಡೀ ಬಸ್ಸನ್ನು ನಗಿಸಿದ್ದೆ.

ಕಬ್ಬಿಣದ ಅಚ್ಚಿನಲ್ಲಿ ಕಾಂಕ್ರೀಟ್ ತುಂಬಿ ಕ್ಯೂಬು ಮಾಡಿದೆವು. ಅರ್ಧದಷ್ಟಕ್ಕೆ ಮಾಮೂಲಿ ಮರಳು, ಇನ್ನರ್ಧಕ್ಕೆ ನಿನ್ನ ಧೂಳು. ಒಣಗಿದ ಮೇಲೆ ನೋಡುವುದಕ್ಕೆ ಎರಡೂ ಒಂದೇ ಬೂದಿ ಬಣ್ಣ. ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು, ಆಮೇಲೆ ಯಂತ್ರದಲ್ಲಿ ಒತ್ತಿ, ಎಷ್ಟು ಭಾರಕ್ಕೆ ಒಡೆಯುತ್ತದೆ ಎಂದು ನೋಡಬೇಕು. ಹಾಗಾಗಿ ಕಾಂಕ್ರೀಟ್ ಹಸಿಯಿರುವಾಗಲೇ ಮೊಳೆಯಿಂದ ಗೀಚಿ ಗುರುತು ಹಾಕುವುದು ನಮ್ಮ ಲ್ಯಾಬಿನ ರೂಢಿ. ನನಗೆ ಆ ಸೊಟ್ಟ ಗೀಚು ಕಂಡರಾಗದು. ಅಚ್ಚಿನಿಂದ ತೆಗೆದ ಮೇಲೆ ಮಾರ್ಕರ್ ಪೆನ್ನಿನಲ್ಲಿ ದುಂಡಗೆ ಅಕ್ಷರ, ಸಂಖ್ಯೆ, ದಿನಾಂಕ ಬರೆಯುತ್ತಾ ಕೂತೆ.

"ಏ ಲೆಕ್ಕದಮ್ಮ, ಮೊಳೇಲಿ ಗೀಚ್ಬುಡು ಅಂದ್ರೆ ಕೇಳ್ಲಿಲ್ಲ ನೀನು. ಕಲ್ಲಿನ ಮೇಲೆ ಪೆನ್ನಲ್ಲಿ ಬರೆಯೋದ್ನ ನಮ್ಮಪ್ಪ ನೋಡಿದ್ರೆ ನಕ್ಬುಡ್ತಾರೆ ಕಣೇ" ಅಂದೆ ನೀನು.

ನಾನೂ ನಕ್ಕೆ. ಬರೆದೆ.

ಪರೀಕ್ಷೆಯ ದಿನ ನಿನಗಿಂತ ಮೊದಲು ಲ್ಯಾಬಿಗೆ ಬಂದು ಕ್ಯೂಬುಗಳನ್ನು ತೊಟ್ಟಿಯಿಂದ ಎತ್ತಿಟ್ಟೆ. ಕೆಲವುಗಳ ಮೇಲೆ ಮಸುಕು ನೀಲಿ ಕಲೆ, ಉಳಿದವು ಖಾಲಿ. ಧೂಳಿನವನ್ನು ತೊಟ್ಟಿಯ ಎಡಮೂಲೆಯಲ್ಲಿ ಇಟ್ಟ ನೆನಪಿತ್ತು. ಆದರೆ ನಡುವೆ ಬೇರೆ ಬ್ಯಾಚಿನವರು ತಮ್ಮ ಕ್ಯೂಬು ಇಡಲು ನಮ್ಮವನ್ನು ಸರಿಸಿದ್ದರು, ಅದೂ ನನಗೆ ಗೊತ್ತಿತ್ತು. ಅಲ್ಲೇ ನಿಲ್ಲಿಸಬಹುದಿತ್ತು. ಹೊಸದಾಗಿ ಮಾಡೋಣ ಎಂದರೆ ಇನ್ನೊಂದು ತಿಂಗಳು ಹೋಗುತ್ತಿತ್ತು, ನಿನ್ನಿಂದ ಒಂದಷ್ಟು ಬೈಗುಳ ತಿನ್ನುತ್ತಿದ್ದೆ, ಅಷ್ಟೇ. ಆದರೆ ಲೆಕ್ಕದಮ್ಮನ ಗುರುತು ಅಳಿಸಿತು ಎಂದು ಹೇಳುವುದು — ಅದು ನನ್ನಿಂದ ಆಗಲಿಲ್ಲ. ಬಟ್ಟೆಯಲ್ಲಿ ಒರೆಸಿ, ನೆನಪಿದ್ದಂತೆ, ಮತ್ತೆ ದುಂಡಗೆ ಬರೆದೆ. ನೀನು ಬಂದು ಯಂತ್ರದ ಮುಂದೆ ನಿಂತೆ. ನಾನು ಒಂದೊಂದನ್ನೇ ಎತ್ತಿಕೊಟ್ಟೆ, ಯಂತ್ರದ ಮುಳ್ಳು ತೋರಿಸಿದ ಸಂಖ್ಯೆಯನ್ನು ನೀನು ಓದಿ ಹೇಳಿದೆ. ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡುವ ನಾನು ಆ ರಾತ್ರಿ ಡೈರಿಯಲ್ಲಿ ಬರೆದದ್ದು ಪರೀಕ್ಷೆ ಮುಗಿಯಿತು ಎಂದಷ್ಟೇ.

ನಿನ್ನ ಧೂಳಿನ ಕ್ಯೂಬುಗಳೇ ಹೆಚ್ಚು ಗಟ್ಟಿ ಎಂದು ಬಂತು. ನೀನು ಲ್ಯಾಬಿನಲ್ಲೇ ಕುಣಿದೆ. ನಮ್ಮ ಗೈಡ್ ಆಗಿದ್ದ ಮೇಡಂ, ಕೊನೆಯ ವರ್ಷದ ಪರೀಕ್ಷೆ ಮುಗಿದ ಕೂಡಲೇ ನಿನ್ನನ್ನು ಸಂಶೋಧನಾ ಸಹಾಯಕಿಯಾಗಿ ತೆಗೆದುಕೊಳ್ಳುತ್ತೇನೆ ಎಂದರು. ಆದರೆ ಹೊರಗಿನಿಂದ ಬಂದ ಪರೀಕ್ಷಕರಿಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಮಾಡಿಸಿ ಎಂದರು. ಮೇಡಂ ಹೊಸ ಕ್ಯೂಬು ಹಾಕಿಸಿ ತಾವೇ ನಿಂತು ಮಾಡಿಸಿದರು. ಈ ಸಲ ಧೂಳಿನವು ಮಾಮೂಲಿಗಿಂತ ಕೊಂಚ ಕಡಿಮೆ. ನಿಜವಾದ ಫಲ ಅಷ್ಟೇ ಇದ್ದದ್ದು, ಸಾಧಾರಣ. ಮೊದಲೇ ಅದು ಬಂದಿದ್ದರೆ ಯಾರೂ ನಿನ್ನನ್ನು ಏನೂ ಅನ್ನುತ್ತಿರಲಿಲ್ಲ.

ಮೇಡಂ ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ರೀಡಿಂಗ್ ಓದಿದ್ದು ಯಾರು ಎಂದು ಕೇಳಿದರು. ನಾನು ಮೇಡಂ, ಎಂದೆ ನೀನು. ಆಮೇಲೆ ಅವರು ನನ್ನ ಕಡೆ ತಿರುಗಿ, "ಗುರುತು ಎಲ್ಲ ಸರಿಯಾಗಿತ್ತೇನಮ್ಮ?" ಎಂದರು.

"ಸರಿಯಾಗಿತ್ತು ಮೇಡಂ."

ನೀನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅನುಮಾನವೇ ಇರಲಿಲ್ಲ ನಿನಗೆ. ಮೇಡಂ ಕನ್ನಡಕ ತೆಗೆದು, "ಕಣ್ತಪ್ಪೋ ಬೇಕೂಂತ ಮಾಡಿದ್ದೋ ನಂಗೊತ್ತಿಲ್ಲ ಜಸಿಂತ. ಎರಡಾದ್ರೂ ನನ್ನ ಲ್ಯಾಬಿಗೆ ಆಗಲ್ಲ" ಎಂದರು. ಆ ಕೆಲಸಕ್ಕೆ ನನ್ನನ್ನು ಕರೆದರು. ನಾನು — ಹೋದೆ. ನಿನ್ನೆಯವರೆಗೂ ಅದೇ ಲ್ಯಾಬು, ಅದೇ ತೊಟ್ಟಿ. ಅದರ ಪಕ್ಕ ಹಾದುಹೋಗಬೇಕಾದೀತೆಂದು ಹಿಂಬಾಗಿಲಿನಿಂದ ಸುತ್ತಿಕೊಂಡು ಬರುತ್ತಿದ್ದೆ.

ಹೋದ ತಿಂಗಳು ಶ್ರೀರಾಂಪುರದಲ್ಲಿ, ಕಟ್ಟುತ್ತಿದ್ದ ಮನೆಯೊಂದರ ಮುಂದೆ ನೀನು ಸಿಕ್ಕಿದೆ. ಕಂಟ್ರಾಕ್ಟರ್ ಹತ್ತಿರ ಸೈಟ್ ನೋಡಿಕೊಳ್ಳುತ್ತಿದ್ದೇನೆ ಎಂದೆ ನೀನು. ಮಾತಾಡುತ್ತಲೇ ಟೇಪು ಹಿಡಿದು ಕಿಟಕಿಯ ಅಳತೆ ತೆಗೆದೆ. ತೆಗೆದು, ಮೇಸ್ತ್ರಿಯನ್ನು ಕೂಗಿದೆ.

"ಅಣ್ಣ, ನೀವೊಂದ್ಸಲ ಓದ್ಬುಡಿ. ನನ್ ಕಣ್ಣು ನಂಬೋ ಅಂಗಿಲ್ಲ."

"ನಿಮ್ಗೆ ದಿನಾ ಇದೇ ಆಯ್ತಲ್ಲಮ್ಮ, ಒಂದ್ ಕನ್ನಡಕ ತಗಳ್ರೀ ಅತ್ಲಾಗೆ" ಎಂದು ಅವರು ನಕ್ಕರು. ನೀನೂ ನಕ್ಕೆ. ಆಮೇಲೆ ಟೀ ಕುಡಿಯುವಾಗ, ನಾನು ಕೇಳದೆಯೇ, "ಆವತ್ತು ನಾನೇ ತಪ್ಪು ಓದಿರ್ಬೇಕು ಕಣೇ. ಹೆಂಗೆ ಓದಿದ್ನೋ! ನೀನಂತೂ ಗುರುತು ತಪ್ಪೋಳಲ್ಲ" ಅಂದೆ ನೀನು.

ಆಗಲಾದರೂ ನಾನು ಹೇಳಬೇಕಿತ್ತು. ಟೀ ಲೋಟ ಇಟ್ಟು, ಬಸ್ಸು ಬಂತು ಎಂದೆ. ಬಸ್ಸು ಬಂದಿರಲಿಲ್ಲ. ಸರಸ್ವತಿಪುರಂವರೆಗೆ ನಡೆದೇ ಬಂದೆ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನ ಕೆಲಸ ಕಿತ್ತುಕೊಂಡೆ ಎಂಬುದಷ್ಟೇ ನನಗೆ ಗೊತ್ತಿತ್ತು. ನಿನ್ನ ಕಣ್ಣಿನ ಮೇಲೆ ನಿನಗಿದ್ದ ನಂಬಿಕೆಯನ್ನೂ —

ನಿನ್ನೆ ಮೇಡಂಗೆ ಎಲ್ಲ ಹೇಳಿದೆ. ಆಮೇಲೆ, "ಜಸಿಂತಂಗೆ ಹೇಳಿದ್ಯಾ?" ಎಂದರು. ಇಲ್ಲ ಎಂದೆ. "ಮತ್ತೆ ನನ್ನ ಹತ್ರ ಯಾಕಮ್ಮ ಮೊದ್ಲು ಬಂದೆ?" ಎಂದರು. ಕೆಲಸ ಬಿಡುವ ಪತ್ರ ಅವರ ಮೇಜಿನ ಮೇಲಿಟ್ಟು ಬಂದೆ. ಅದು ತ್ಯಾಗವೇನಲ್ಲ, ಆ ಜಾಗ ನನ್ನದಾಗಿರಲಿಲ್ಲ.

ಭಾನುವಾರ, ನೀವು ಚರ್ಚಿನಿಂದ ಬಂದ ಮೇಲೆ, ನಿಮ್ಮ ಮನೆಗೆ ಬರುತ್ತೇನೆ. ಇದನ್ನೆಲ್ಲ ನಿಮ್ಮಪ್ಪನ ಎದುರಿಗೇ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಒಳಗೆ ಕರೆಯಬೇಕಿಲ್ಲ, ಹೊಸ್ತಿಲಾಚೆ ನಿಂತೇ ಹೇಳುತ್ತೇನೆ. ಒಂದು ಮಾತು ಮಾತ್ರ ಪೂರ್ತಿ ಕೇಳಿಸಿಕೋ ಜಸಿಂತ. ಆವತ್ತು ನೀನು ಯಂತ್ರದ ಮುಂದೆ ನಿಂತು ಗಟ್ಟಿಯಾಗಿ ಓದುತ್ತಿದ್ದಾಗ, ನನ್ನ ಊಹೆ ಸರಿಯಿದೆಯೋ ಇಲ್ಲವೋ ಎಂಬ ಹೆದರಿಕೆಯಲ್ಲಿ ನಾನೂ ನಿನ್ನ ಹೆಗಲ ಮೇಲಿಂದ ಮುಳ್ಳನ್ನೇ ನೋಡುತ್ತಿದ್ದೆ. ಪ್ರತಿಯೊಂದನ್ನೂ ನೋಡಿದೆ. ನೀನು ಒಂದನ್ನೂ ತಪ್ಪು ಓದಲಿಲ್ಲ.