ತಡ್ಕೋ ಸಿಸ್ಟರ್ ಮಗಳ ಹೆರಿಗೆ

ಹೆರಿಗೆ ವಾರ್ಡಿನಲ್ಲಿ ಬೆನ್ನ ಹಿಂದೆ ಎಲ್ಲರೂ ಅವರನ್ನು ‘ತಡ್ಕೋ ಸಿಸ್ಟರ್’ ಎನ್ನುತ್ತಿದ್ದರು. ಮೂವತ್ತೊಂದು ವರ್ಷದಿಂದ ನೋವು ತಿನ್ನುವ ಹೆಂಗಸರಿಗೆಲ್ಲ ಅವರದು ಒಂದೇ ಮಾತು: “ತಡ್ಕೋ ತಾಯಿ, ಇನ್ನೇನು ಆಗೋಯ್ತು.” ಆ ‘ಇನ್ನೇನು’ ಕೆಲವೊಮ್ಮೆ ಹತ್ತು ತಾಸು ಹಿಡಿಯುತ್ತಿತ್ತು, ಅದು ಬೇರೆ ವಿಷಯ.

ಹಾಗಂತ ಅವರದು ಕಲ್ಲುಮನಸ್ಸಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಡಾಕ್ಟರು ಬರೆದಿದ್ದ, ನೋವು ತಗ್ಗಿಸುವ ಇಂಜೆಕ್ಷನ್ನನ್ನು ಒಬ್ಬಳಿಗೆ ಕೈಯಾರೆ ಚುಚ್ಚಿದ್ದರು. ಹೆರಿಗೆ ಎಣಿಸಿದ್ದಕ್ಕಿಂತ ಬೇಗ ಆಗಿಬಿಟ್ಟಿತು. ಮದ್ದಿನ ಮಂಪರಿನಲ್ಲೇ ಹುಟ್ಟಿದ ಮಗು ಅಳಲಿಲ್ಲ; ಉಸಿರು ತರಿಸಲು ಎರಡು ನಿಮಿಷ ಹೆಣಗಬೇಕಾಯಿತು. ಮಗುವೇನೋ ಚೇತರಿಸಿಕೊಂಡಿತು, ಸಿಸ್ಟರಿಗೆ ಹೊಕ್ಕ ಹೆದರಿಕೆ ಹೋಗಲಿಲ್ಲ. ಆಮೇಲೆ ಯಾವ ನೋವಿನ ಮದ್ದಾದರೂ ಅವರ ಲೆಕ್ಕಕ್ಕೆ ಒಂದೇ: ಮಗುವಿಗೆ ಅಪಾಯ.

ಈಗ ಅದೇ ವಾರ್ಡಿನಲ್ಲಿ ಅವರ ಒಬ್ಬಳೇ ಮಗಳು, ಬೆಳಗಿನಿಂದ ನೋವು ತಿಂದು ಹೈರಾಣಾಗಿ ಮಲಗಿದ್ದಳು.

“ಅಮ್ಮಾ, ಬೆನ್ನಿಗೆ ಕೊಡೋ ಇಂಜೆಕ್ಷನ್ ಬೇಕು ನಂಗೆ. ಆಗ್ತಿಲ್ಲ.”

ರೂಢಿಯಂತೆ ‘ತಡ್ಕೋ’ ಎನ್ನಲು ಸಿಸ್ಟರಿಗೆ ಕರುಳು ಬಿಡದು, ಹೂಂ ಎನ್ನಲು ಧೈರ್ಯ ಸಾಲದು.

ಅರಿವಳಿಕೆ ಡಾಕ್ಟರು ಅವರ ಮಗಳಷ್ಟೇ ವಯಸ್ಸಿನವಳು. ಸಿಸ್ಟರ ಹಳೇ ಹೆದರಿಕೆ ಗೊತ್ತಿದ್ದುದರಿಂದ ಪಕ್ಕಕ್ಕೆ ಕರೆದು ಹೇಳಿದಳು: “ಸಿಸ್ಟರ್, ಆ ಹಳೇ ಇಂಜೆಕ್ಷನ್ ಮಗುಗೂ ಮಂಪರು ತರ್ತಿತ್ತು. ಇದು ಬೆನ್ನಲ್ಲೇ ಕೆಲಸ ಮಾಡುತ್ತೆ, ಮಗುಗೆ ಹೋಗೋದು ತುಂಬಾ ಕಮ್ಮಿ. ಬಿ.ಪಿ. ಇಳೀಬಹುದು, ನೂಕೋಕೆ ಜಾಸ್ತಿ ಹೊತ್ತು ಹಿಡೀಬಹುದು. ನಾನಿಲ್ಲೇ ಇರ್ತೀನಲ್ಲ.”

ಇಂಜೆಕ್ಷನ್ನಿಗೆ ಬೆನ್ನು ಬಾಗಿಸಿ ಕೂತ ಮಗಳ ಹೆಗಲನ್ನು ಅಲುಗದಂತೆ ಸಿಸ್ಟರೇ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಬಿ.ಪಿ. ಇಳಿದೇ ಇಳಿಯಿತು; ಮಗುವಿನ ಎದೆಬಡಿತವೂ ನಿಧಾನವಾಯಿತು. ಡಾಕ್ಟರು ಮಗಳನ್ನು ಎಡಮಗ್ಗುಲಿಗೆ ಹೊರಳಿಸಿ, ಡ್ರಿಪ್ ಜೋರು ಮಾಡಿ, ಇನ್ನೊಂದು ಮದ್ದು ಕೊಟ್ಟಳು. ಬಡಿತ ಮೊದಲಿನಂತಾಯಿತು. ಇತ್ತ ಮಗಳು ನಿದ್ದೆ ಹೋಗಿದ್ದಳು! ಹೆರಿಗೆ ನೋವಿನ ನಡುವೆ ಗೊರಕೆ ಕೇಳಿದ್ದು ಸಿಸ್ಟರಿಗೆ ಜನ್ಮದಲ್ಲಿ ಅದೇ ಮೊದಲು.

ಸಂಜೆ, ನೂಕಿ ನೂಕಿ ಸುಸ್ತಾದ ಮೇಲೆ ಹೆಣ್ಣುಮಗು ಬಂತು. ಮೈ ಒರೆಸುವ ಮೊದಲೇ ವಾರ್ಡೆಲ್ಲ ಕೇಳುವಂತೆ ಕಿರುಚಿತು. ಹುಟ್ಟಿದ ಹೊತ್ತು ಬರೆದುಕೊಳ್ಳಬೇಕಾದ ಸಿಸ್ಟರ್ ಗಡಿಯಾರ ನೋಡುವುದನ್ನೇ ಮರೆತು ಗಳಗಳನೆ ಅತ್ತುಬಿಟ್ಟರು.

“ಯಾಕಮ್ಮಾ, ನನ್ಮೇಲೆ ಬೇಜಾರಾ?”

“ನಿನ್ಮೇಲ್ಯಾಕೆ ಬೇಜಾರು ಕಣೇ? ಎಷ್ಟು ಜನ ಕೈ ಹಿಡ್ಕೊಂಡು ಮದ್ದು ಕೇಳಿದ್ರು. ಎಲ್ರಿಗೂ ಬೇಡ ಅಂದ್ಬಿಟ್ಟೆ.”

ಕಣ್ಣೊರೆಸಿಕೊಂಡು ಎದ್ದವರು ಪಕ್ಕದ ಮಂಚದಲ್ಲಿ ನರಳುತ್ತಿದ್ದವಳ ಬಳಿ ಹೋದರು. ಮದ್ದು ಬೇಕಾ ಎಂದು ತಾವೇ ಕೇಳಿದರು. ಅವಳು ತಲೆಯಾಡಿಸಿದ್ದೇ ತಡ, ಮನೆಗೆ ಹೊರಟಿದ್ದ ಅರಿವಳಿಕೆ ಡಾಕ್ಟರನ್ನು ಬಾಗಿಲಿನಿಂದಲೇ ವಾಪಸ್ಸು ಎಳೆದು ತಂದರು.