ಬಾವಿ ದಡದ ಗುಡ್ಡೆ

ನಾನು ಲೆಕ್ಕ ಬರೆಯುತ್ತಿದ್ದ ಹಿರಿಯೂರಿನ ಗುತ್ತಿಗೆದಾರರು ಸರ್ಕಾರಿ ಟೆಂಡರಿಗೆ ದರ ಹಾಕುವ ಮುಂಚೆ ಕೆಲಸ ನಡೆಯುವ ಜಾಗದ ಹತ್ತಿರದ ಬಾವಿ ಹುಡುಕುತ್ತಿದ್ದರು. ಬಾವಿ ತೋಡುವಾಗ ಆಳದಿಂದ ಕೊನೆಗೆ ಬಂದ ಕಲ್ಲು ದಡದ ಗುಡ್ಡೆಯ ಮೇಲೇ ಇರುತ್ತದೆ. ಅದನ್ನು ಚಪ್ಪಲಿಯಿಂದ ಕೆದಕುತ್ತಾ, "ನೆಲ ಏನಂತೈತೆ, ಕೇಳಾಣ" ಎನ್ನುವರು.

ಜವನಗೊಂಡನಹಳ್ಳಿ ಕಡೆಯ ದೊಡ್ಡ ನಾಲೆಯ ಟೆಂಡರಿಗೆ ಹಾಗೆ ಕೆದಕಿದಾಗ ಕರಿಕಲ್ಲು ಕಂಡಿತು. ಬಂಡೆ ಒಡೆಯುವ ಖರ್ಚನ್ನೂ ಸೇರಿಸಿದರು.

"ಇಷ್ಟು ಹಾಕಿದ್ರೆ ಕೆಲ್ಸ ಕೈ ತಪ್ತೈತೆ ಸಾವ್ಕಾರ್ರೆ" ಎಂದೆ.

"ತಪ್ಲಿ ಬಿಡಪ್ಪ. ನಾಲೆ ಅರ್ಧಕ್ಕೆ ನಿಲ್ಲಬಾರ್ದು."

ತಪ್ಪಿತು. ಕಡಿಮೆ ದರ ಹಾಕಿ ಗೆದ್ದವನು ಬಂಡೆ ಸಿಕ್ಕಿದೊಡನೆ ಕೆಲಸ ಬಿಟ್ಟ. ಮತ್ತೆ ಟೆಂಡರ್ ಕರೆದರು. ಉಳಿದ ಗುತ್ತಿಗೆದಾರರೆಲ್ಲ ಹೆದರಿದ್ದಾರೆ, ಈ ಸಲ ಬಂಡೆಗೆ ಇನ್ನಷ್ಟು ಸೇರಿಸೋಣ ಎಂದೆ. ಇವತ್ತು ನೀರು ಹರಿಯುತ್ತಿರುವ ಆ ನಾಲೆಗೆ ಸಾವ್ಕಾರರು ಬರೆಸಿದ್ದು ತಮ್ಮ ಹಳೇ ದರವನ್ನೇ.

"ಯಾಕಪ್ಪ, ಬಂಡೆ ಏನು ಬೆಳ್ದೈತಾ?"