‘ಪರ್ಸ್ವೇಡ್’ ಅಂದ್ರ ಏನ್ರಿ ಬಾಯಾರ?

ಗೆಳೆಯರೇ, ಇವತ್ತು ಒಂದು ಇಂಗ್ಲಿಷ್ ಶಬ್ದ ನನ್ನ ಬೆವರಿಳಿಸಿತು. ಶಹಾಬಾದಿನ ನಮ್ಮ ಶಾಲೆಯಲ್ಲಿ ಏಳನೆಯ ತರಗತಿಗೆ ಬೆಳಿಗ್ಗೆ ‘ಪರ್ಸ್ವೇಡ್’ ಅಂದರೆ ಪುಸಲಾಯಿಸು ಎಂದು ಅರ್ಥ ಹೇಳಿದ್ದೆ. ಮಧ್ಯಾಹ್ನ ಟಾಂಗಾ ಹೊಡೆಯುವ ಮಹಬೂಬಸಾಬರು ಊಟಕ್ಕೆ ಮನೆಗೆ ಹೋಗಿದ್ದ ಮಗಳು ಶಮೀಮಳ ಕೈಹಿಡಿದು ಬಂದರು. ಹಿಂದೆ ಅವರ ಹೆಂಡತಿ ಖಾಜಾಬೀ.

"ಬಾಯಾರ, ಹುಡುಗಿಗಿ ಪುಸಲಾಯ್ಸೋದು ಕಲಸಲಿಕತ್ತೀರಿ? ನಾಳಿಂದ ಸಾಲಿ ಬಂದ್!"

ಶಮೀಮಳಷ್ಟು ಆಸೆಯಿಂದ ಓದುವವರು ಆ ತರಗತಿಯಲ್ಲಿಲ್ಲ.

"ನಂದ ತಪ್ಪಾತ್ರಿ. ಒಪ್ಪಿಸೋದು ಅಂತ ಅರ್ಥ," ಎಂದೆ.

"ಒಪ್ಪಿಸೋದು ಠಾಣೆದಾಗ ಪೊಲೀಸರು ಮಾಡ್ತಾರ!"

"ಹೊಡೀದೆ, ತಿಳಿಸಿ ಹೇಳಿ ಒಪ್ಪಿಸೋದ್ರಿ. ಈಗ ಮಗಳ್ನ ಓದಸ್ರಿ ಅಂತ ನಿಮಗ ಹೇಳಲಿಕತ್ತೀನಲ್ಲ, ಹಂಗ."

"ನಾ ಒಪ್ಪಲಿಲ್ಲಂದ್ರ?"

ಹಿಂದೆ ನಿಂತಿದ್ದ ಖಾಜಾಬೀ ಮುಂದೆ ಬಂದು ಗಂಡನಿಗೆ ಹೇಳಿದರು: "ಒಪ್ಪಲಿಲ್ಲಂದ್ರ ಮನಿಗಿ ಬರಬ್ಯಾಡ್ರಿ. ಟಾಂಗಾದಾಗೇ ಮಲ್ಕೋರಿ."

ಶಮೀಮ್ ಕೈ ಬಿಡಿಸಿಕೊಂಡು ತರಗತಿಗೆ ಓಡಿದಳು. ಮಹಬೂಬಸಾಬರು ತಡೆಯಲಿಲ್ಲ. ಹೊರಡುವಾಗ ಹೆಂಡತಿಯ ಕಡೆ ಕಣ್ಣು ತೋರಿಸಿ ಮೆಲ್ಲಗೆ ಕೇಳಿದರು, "ಬಾಯಾರ, ಈಕಿ ಮಾಡಿದ್ದಕ್ಕ ಇಂಗ್ಲಿಷಿನಾಗ ಏನಂತಾರ?"

ಇದೂ ‘ಪರ್ಸ್ವೇಡೇ’ ಎಂದುಬಿಟ್ಟೆ. ನಿಘಂಟು ಬರೆದವರು ಕ್ಷಮಿಸಲಿ. ಅವರು ಶಹಾಬಾದಿನಲ್ಲಿ ಸಂಸಾರ ಮಾಡಿದವರಲ್ಲ.